ಮಾಳಪ್ಪನವರ ಮುಂದಿನ ತಾಟು

ಹೋಟೆಲಿನ ಕೆಲಸಕ್ಕೆ ಹೋಗುವ ಹುಡುಗರು ಈಗ ಅದನ್ನೇ ಓದಿಕೊಂಡು ಬರುತ್ತಾರೆ. ಅಂಥವರು ಕೆಲವರು ಬಾಗಲಕೋಟೆಯ ನಮ್ಮ ಮನೆಗೆ ಬಂದು, ಒಳ್ಳೆಯ ಸರ್ವಿಸ್ ಅಂದರೆ ಏನು ಎಂದು ನನ್ನನ್ನು ಕೇಳುತ್ತಾರೆ. ಬಾದಾಮಿಯ ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ ಅರ್ಧ ಆಯುಷ್ಯ ನಿಂತೇ ಕಳೆದ ಮನುಷ್ಯ ಕೇಳಿದ ಕೂಡಲೇ ಉತ್ತರ ಹೇಳುತ್ತಾನೆಂದು ಅವರ ನಂಬಿಕೆ. ನಾನು ಚಹಾ ಕುಡಿಸಿ ಕಳಿಸುತ್ತೇನೆ. ಮುದುಕ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಅವರು ತಿಳಿದುಕೊಳ್ಳುತ್ತಾರೆ. ಗುಟ್ಟು ಇದ್ದರಲ್ಲವೇ ಬಿಟ್ಟುಕೊಡುವುದು? ಬಹಳ ಚೆನ್ನಾಗಿ ಮಾಡಿದೆನೆಂದುಕೊಂಡ ಕೆಲಸಕ್ಕೆ ನಾನು ಬೈಗುಳ ತಿಂದಿದ್ದೇನೆ, ಮಾಡಬಾರದ್ದನ್ನು ಮಾಡಿ ಹೊಗಳಿಸಿಕೊಂಡಿದ್ದೇನೆ. ಯಾಕೆ ಹಾಗಾಯಿತೆಂದು ಇನ್ನೂ ಬಗೆಹರಿದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಅರ್ಥ ಮಾಡಿಕೊಳ್ಳುವ ಕೆಲಸ ಅವರಿಗೇ ಇರಲಿ.

ನನ್ನ ಊರು ಕಮತಗಿ. ಹೆಸರು ಚನ್ನಬಸಪ್ಪ, ಕರೆಯುವುದು ಚನ್ನಪ್ಪ. ಬಡಿಸುವುದನ್ನು ಮೊದಲು ಕಲಿಸಿದವಳು ನನ್ನ ಸೋದರತ್ತೆ ನೀಲವ್ವ. ಬಾಗಲಕೋಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಅವಳ ಖಾನಾವಳಿ ಇತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು. ಅವಳ ನಿಯಮಗಳು ಎರಡೇ. ಉಣ್ಣುವವನ ತಾಟು ಬರಿದಾಗಬಾರದು ಎಂಬುದು ಒಂದು. ಆತ ಸಾಕೆಂದರೆ ನಂಬಬಾರದು, ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಅರ್ಧ ನಂಬಬೇಕು, ಆಗಲೂ ಬೆರಳ ಸಂದಿಯಲ್ಲಿ ಅರ್ಧ ರೊಟ್ಟಿ ತೂರಿಸಬೇಕು. ಎರಡನೆಯದನ್ನು ಅವಳು ನಗದೆ ಹೇಳುತ್ತಿದ್ದಳು: "ಉಣ್ಣಾಕ ಕುಂತಾಂವ ಎದ್ದು ಕೈ ತೊಳಕೊಳ್ಳೂತನಾ ತಾಟ ಮುಟ್ಟಬ್ಯಾಡ. ವೈರಿ ಕುಂತಿದ್ರೂ ಮುಟ್ಟಬ್ಯಾಡ." ನಮ್ಮ ಕಡೆ ಒಬ್ಬನ ಮುಂದಿನ ತಾಟು ಎತ್ತುವುದೆಂದರೆ ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚು. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗಿದ್ದು ಅಷ್ಟಕ್ಕೇ.

ಎಪ್ಪತ್ತರ ದಶಕದ ನಡುವಿನಲ್ಲಿ ಬಾದಾಮಿಯಲ್ಲಿ ಹೊಸ ಹೋಟೆಲಾಯಿತು. ಗುಹೆಗಳನ್ನು ನೋಡಲು ಬರುವ ಪರದೇಶದವರು ಆವರೆಗೆ ಬಾಳೆಹಣ್ಣು ಬಿಸ್ಕೀಟು ತಿಂದು ಹಿಂದಿರುಗುತ್ತಿದ್ದರು. ಅವರಿಗೆ ಅವರ ಊಟ ಸಿಗಬೇಕೆಂದು ಮಾಲಕರು ದೊಡ್ಡ ಹಾಲು ಕಟ್ಟಿಸಿದರು. ಮೇಜಿಗೆ ಬಿಳಿ ಬಟ್ಟೆ, ಕಿಟಕಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿ, ನಮಗೆ ಬಿಳಿ ಕೋಟು, ಕೆಂಪು ನಡುಪಟ್ಟಿ. ಅಲ್ಲಿಯ ಮ್ಯಾನೇಜರು ಗೋವಾ ಕಡೆಯ ಪಿಂಟೋ ಸಾಹೇಬರು. ಮುಂಬೈಯ ದೊಡ್ಡ ಹೋಟೆಲುಗಳಲ್ಲಿ ಪಳಗಿದ ಮನುಷ್ಯ. ಅವರ ಮಾತಿನ ಸಾರವೆಂದರೆ, ಬಡಿಸುವವನು ಇದ್ದಾನೆಂಬುದೇ ಉಣ್ಣುವವನಿಗೆ ತಿಳಿಯಬಾರದು. ಮಾತಾಡಬಾರದು, ಒತ್ತಾಯ ಮಾಡಬಾರದು, ಹತ್ತಿರ ನಿಲ್ಲಬಾರದು, ಆದರೆ ಬೇಕಾದದ್ದು ಕೇಳುವ ಮೊದಲೇ ಬಂದಿರಬೇಕು. ಅತ್ತೆ ಕಲಿಸಿದ್ದಕ್ಕೆ ಇದು ಪೂರಾ ತಿರುಗುಮುರುಗು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಬ್ಬರೂ ನನ್ನನ್ನು ಒಂದೊಂದು ಕಡೆ ಜಗ್ಗುತ್ತಿದ್ದರು. ಕಾಲು ಸಾಹೇಬರು ಹೇಳಿದ ಕಡೆ ನಿಂತಿರುತ್ತಿದ್ದವು, ಕೈ ಮಾತ್ರ ರೊಟ್ಟಿ ಬುಟ್ಟಿಗಾಗಿ ತಡಕಾಡುತ್ತಿತ್ತು.

ಹೋಟೆಲಿಗೆ ಹೆಸರು ಬಂದದ್ದು ಸ್ಟೇಕಿನಿಂದ. ಟಗರಿನ ತೊಡೆಯನ್ನು ಎಲುಬು ಸಮೇತ ಅಡ್ಡಕ್ಕೆ ದಪ್ಪಗೆ ಕೊಯ್ದು, ಮೆಣಸು ಉಪ್ಪು ಸವರಿ, ಕಾದ ಕಬ್ಬಿಣದ ಹಂಚಿನ ಮೇಲೆ ಸುಟ್ಟು, ಮೇಲೊಂದು ಬೆಣ್ಣೆಯ ತುಣುಕು ಇಡುವುದು. ಮಾಡುತ್ತಿದ್ದವರು ಇಳಕಲ್ಲಿನ ಹುಸೇನಸಾಬರು. ಮೊದಮೊದಲು ಅವರಿಗೂ ಸಾಹೇಬರಿಗೂ ದಿನಾ ಜಗಳ. ಮಾಂಸ ಒಳಗೆ ಕೆಂಪಗಿರಬೇಕು ಎಂದು ಪರದೇಶದವರು ಕೇಳುತ್ತಿದ್ದರು. ಹಸಿಮಾಂಸ ಅತಿಥಿಯ ಮುಂದೆ ಇಟ್ಟರೆ ತನ್ನಪ್ಪ ಗೋರಿಯಿಂದ ಎದ್ದು ಬರುತ್ತಾನೆಂದು ಹುಸೇನಸಾಬರು. ಹೇಗೆ ಕೇಳಿದರೂ ಎಲ್ಲವನ್ನೂ ಚೆನ್ನಾಗಿ ಬೇಯಿಸಿಯೇ ಕಳಿಸುತ್ತಿದ್ದರು. ಒಮ್ಮೆ ಸಾಹೇಬರು ಒಲೆಯ ಮುಂದೆಯೇ ನಿಂತು ಕೆಂಪಗೆ ಮಾಡಿಸಿದರು. ಅಂದು ತಿಂದವನು ಫ್ರಾನ್ಸಿನವನು, ಬೆಂದಿಲ್ಲವೆಂದು ವಾಪಸು ಕಳಿಸಿದ. ಹುಸೇನಸಾಬರು ಸಾಹೇಬರ ಮುಖ ನೋಡಿದರು. ಸಾಹೇಬರು ನನ್ನ ಮುಖ ನೋಡಿದರು. ನಾನು ಯಾರನ್ನು ನೋಡಬೇಕೋ ತಿಳಿಯದೆ ಹಂಚನ್ನೇ ನೋಡಿದೆ.

ನಾನು ಮಾಂಸ ತಿನ್ನುವವನಲ್ಲ. ಕೊರಳಲ್ಲಿ ಲಿಂಗ, ಕೈಯಲ್ಲಿ ಸ್ಟೇಕು. ಮನೆಯಲ್ಲಿ ಅವ್ವ ಹಿತ್ತಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದಳು, ಅಷ್ಟಕ್ಕೆ ಆ ತೊಡಕು ಮುಗಿಯುತ್ತಿತ್ತು. ಊಟದ ಹಾಲಿನಲ್ಲಿ ಮುಗಿಯಲಿಲ್ಲ. ಒಬ್ಬ ಜರ್ಮನ್ ಹೆಂಗಸು ಹೇಗಿರುತ್ತದೆ ಎಂದು ಕೇಳಿದಳು. ನಾನು ತಿನ್ನುವುದಿಲ್ಲವೆಂದೆ. ಆಕೆ ನನ್ನನ್ನೂ ತಾಟನ್ನೂ ಅನುಮಾನದಿಂದ ನೋಡಿ ಬರೀ ಸೂಪು ತರಿಸಿದಳು. ಸಾಹೇಬರು ಬೈದು, ಇನ್ನು ಮುಂದೆ ಬಹಳ ರುಚಿ ಎಂದೇ ಹೇಳು ಎಂದರು. ಮುಂದಿನ ವಾರ ಬಂದವನಿಗೆ ಹಾಗೆಯೇ ಹೇಳಿದೆ. ಆತ ಖುಷಿಯಾಗಿ, ನಿನಗೆ ಯಾವ ಭಾಗ ಇಷ್ಟ ಎಂದು ಕೇಳಿಬಿಟ್ಟ. ಟಗರಿನಲ್ಲಿ ನನಗೆ ಗೊತ್ತಿದ್ದ ಭಾಗ ಕೋಡು. ಅದನ್ನೇ ಹೇಳಿದೆ. ಆತ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ. ಹೋಗುವಾಗ ಇಂಥ ಮನುಷ್ಯ ಬೇರೆಲ್ಲೂ ಸಿಗಲಿಲ್ಲವೆಂದು ಸಾಹೇಬರ ಮುಂದೆ ಹೊಗಳಿದ. ಖರೆ ಹೇಳಿದ್ದಕ್ಕೆ ಬೈಸಿಕೊಂಡೆ, ಸುಳ್ಳು ಹೇಳಿ ಸಿಕ್ಕಿಬಿದ್ದದ್ದಕ್ಕೆ ಭೇಷ್ ಅನ್ನಿಸಿಕೊಂಡೆ. ಇದರಿಂದ ಏನು ಕಲಿಯಬೇಕೆಂದು ಹುಸೇನಸಾಬರನ್ನು ಕೇಳಿದರೆ, ಅವರು ಮೊದಲು ಉಳ್ಳಾಗಡ್ಡಿ ಹೆಚ್ಚು ಹೋಗು ಎಂದರು.

ಇನ್ನೊಮ್ಮೆ ಒಬ್ಬ ಇಂಗ್ಲಿಷ್ ಮುದುಕ ಒಬ್ಬನೇ ಬಂದಿದ್ದ. ಬಹಳ ಸಭ್ಯಸ್ಥ. ಅಂದು ಸಾಹೇಬರು ಹುಬ್ಬಳ್ಳಿಗೆ ಹೋಗಿದ್ದರಿಂದ ಅತ್ತೆಯ ಪಾಠ ಮೇಲುಗೈಯಾಯಿತು. ಆತನ ತಾಟಿನಲ್ಲಿ ಆಲೂಗಡ್ಡೆ ಮುಗಿದ ಕೂಡಲೇ ಇನ್ನಷ್ಟು ಬಡಿಸಿದೆ. ತಿಂದ. ಬ್ರೆಡ್ಡು ಇಟ್ಟೆ. ತಿಂದ. ಸ್ಟೇಕು ಮುಗಿಯಿತು, ಇನ್ನೊಂದು ತಂದೆ. ಆತ ನನ್ನ ಮುಖವನ್ನು ಒಮ್ಮೆ ನೋಡಿ ಅದನ್ನೂ ತಿಂದ. ಹಸಿದಿದ್ದಾನೆ ಪಾಪ ಎಂದು ನನಗೆ ಕರುಳು ಚುರುಕ್ಕೆಂದಿತು. ಮರುದಿನ ಮಹಾಕೂಟಕ್ಕೆ ಹೊರಡಬೇಕಾಗಿದ್ದವನು ಹಾಸಿಗೆ ಬಿಟ್ಟು ಏಳಲಿಲ್ಲ, ದವಾಖಾನೆಯಿಂದ ಡಾಕ್ಟರರನ್ನು ಕರೆಸಬೇಕಾಯಿತು. ಆಮೇಲೆ ತಿಳಿಯಿತು: ಬಡಿಸಿದ್ದನ್ನು ಬಿಟ್ಟರೆ ನಮಗೆ ಅಪಮಾನವೆಂದು ಆತ ತಿನ್ನುತ್ತಿದ್ದ, ತಾಟು ಬರಿದಾದರೆ ಆತನಿಗೆ ಅಪಮಾನವೆಂದು ನಾನು ಬಡಿಸುತ್ತಿದ್ದೆ. ಇಬ್ಬರೂ ಮರ್ಯಾದಸ್ಥರಾದದ್ದೇ ತಪ್ಪಾಯಿತು.

ಸಾಹೇಬರು ಹುಬ್ಬಳ್ಳಿಯಿಂದ ಬಂದವರು ಖಾಲಿ ಮೇಜಿನ ಮುಂದೆ ನನ್ನನ್ನು ನಿಲ್ಲಿಸಿ ಒಂದು ಪಾಠ ಹೇಳಿದರು. ಉಣ್ಣುವವನ ಬಾಯಿ ನೋಡಬೇಡ, ಮುಖ ನೋಡಬೇಡ, ಚೂರಿ ಫೋರ್ಕು ಮಾತ್ರ ನೋಡು. ಅವು ತಾಟಿನ ಮೇಲೆ ಒಂದಕ್ಕೊಂದು ಅಡ್ಡ ಇದ್ದರೆ ಇನ್ನೂ ಊಟ ನಡೆದಿದೆ ಎಂದು ಅರ್ಥ. ಅಕ್ಕಪಕ್ಕ ಜೋಡಿಸಿ ಇಟ್ಟರೆ ಮುಗಿಯಿತು. ಕೇಳಬೇಡ, ಕಾಯಬೇಡ, ಬಲಗಡೆಯಿಂದ ಸದ್ದಿಲ್ಲದೆ ತಾಟು ಎತ್ತು. ಉಣ್ಣುವವನು ಎದ್ದಿರುವುದಿಲ್ಲವಲ್ಲ ಎಂದು ನಾನು ಅನುಮಾನಿಸಿದೆ. ಎದ್ದ ಮೇಲೆ ಎತ್ತುವುದು ಖಾನಾವಳಿ ಎಂದು ಅವರು ರೇಗಿದರು. ಅತ್ತೆಯ ಎರಡನೆಯ ನಿಯಮವನ್ನು ನಾನು ಬಿಟ್ಟದ್ದು ಅಂದು. ನಿಧಾನಕ್ಕೆ ಆ ಕೆಲಸದಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ, ತಾಟು ಹೋದದ್ದು ಉಣ್ಣುವವರಿಗೇ ಗೊತ್ತಾಗುತ್ತಿರಲಿಲ್ಲ.

ಹೀಗೆ ಪಳಗಿದ ಕಾಲದಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ, ಮಾಳಪ್ಪನವರು ಬಂದರು. ಹುನಗುಂದದ ಆಚೆಯ ಹಳ್ಳಿಯವರು, ಬೀರಪ್ಪನ ಒಕ್ಕಲು, ಕುರಿ ಕಾಯ್ದು ಬೆಳೆದವರು. ಅವರ ಕುರಿ ಮೇಯುತ್ತಿದ್ದ ಹೊಲದ ಕೆಳಗೆ ಇಳಕಲ್ಲಿನ ಕೆಂಪು ಕಲ್ಲು ಸಿಕ್ಕಿತ್ತು. ಇಬ್ಬರು ಪಾಲುದಾರರನ್ನು ಸೇರಿಸಿಕೊಂಡು ಖಣಿ ಮಾಡಿದ್ದರು. ದೊಡ್ಡ ದೊಡ್ಡ ಬಂಡೆ ಸೀಳಿ ಇಟ್ಟಿದ್ದರೂ ಕೊಳ್ಳುವವರು ಬಂದಿರಲಿಲ್ಲ. ಪಾಲುದಾರರು ಬೇಸತ್ತು, ಈ ಸಲ ಗಿರಾಕಿ ಸಿಗದಿದ್ದರೆ ಖಣಿ ಮುಚ್ಚುವುದೇ ಎಂದುಬಿಟ್ಟಿದ್ದರು. ಅಂಥದರಲ್ಲಿ ಇಟಲಿಯಿಂದ ಒಬ್ಬ ಮುದುಕ ವ್ಯಾಪಾರಿ ಮತ್ತು ಅವನ ಮಗ, ಮುಂಬೈಯ ದುಭಾಷಿಯ ಜೊತೆ ಕಲ್ಲು ನೋಡಲು ಬಂದರು. ಅವರಿಗೆ ನಮ್ಮಲ್ಲಿ ಮಧ್ಯಾಹ್ನದ ಊಟ. ಮಾಳಪ್ಪನವರು ಮುಂಜಾನೆಯೇ ತಮ್ಮನ ಹಿಂಡಿನಿಂದ ಒಂದು ಟಗರು ಕಳಿಸಿ, ಅದನ್ನೇ ಮಾಡಬೇಕೆಂದು ಹೇಳಿಸಿದ್ದರು. ಹುಸೇನಸಾಬರು ಬಂದು ನನ್ನ ಕಿವಿಯಲ್ಲಿ, "ಚನ್ನಪ್ಪಾ, ಇವತ್ತ ಆ ಮನುಷ್ಯಾಂದು ಎಲ್ಲಾ ಈ ಮೇಜಿನ ಮ್ಯಾಲೆ ಐತಿ, ಜ್ವಾಕಿ," ಎಂದು ಎಚ್ಚರಿಸಿದರು.

ಮಾಳಪ್ಪನವರು ಬಂದಾಗ ಹಣೆಯ ತುಂಬ ಅರಿಶಿನದ ಭಂಡಾರ, ಹೊಸ ಟೆರಿಕಾಟ್ ಅಂಗಿ, ಹೆಗಲ ಮೇಲೆ ಕರಿ ಕಂಬಳಿ. ಕಂಬಳಿ ಮಡಿಸಿ ಕುರ್ಚಿಗೆ ಹಾಕಿ ಅದರ ಮೇಲೆ ಕೂತರು. ನಾನು ನಾಲ್ವರಿಗೂ ಸ್ಟೇಕು ಇಟ್ಟು, ನಿಯಮದ ಪ್ರಕಾರ ಹಿಂದೆ ಸರಿದು ಗೋಡೆಗೆ ನಿಂತೆ. ಇಟಲಿಯವರು ಕೊಯ್ದು ತಿನ್ನತೊಡಗಿದರು. ಮಾಳಪ್ಪನವರೂ ಚೂರಿ ಫೋರ್ಕು ಹಿಡಿದರು. ನಾನು ಮುಖ ನೋಡಲಿಲ್ಲ, ನೋಡಬಾರದೆಂದು ಪಾಠವಾಗಿತ್ತು. ಸ್ವಲ್ಪ ಹೊತ್ತಿಗೆ ಚೂರಿ ಫೋರ್ಕು ಎರಡೂ ತಾಟಿನ ಮೇಲೆ ನೆಟ್ಟಗೆ ಅಕ್ಕಪಕ್ಕ ಮಲಗಿದವು. ಅಷ್ಟು ನೆಟ್ಟಗೆ ಇಂಗ್ಲಿಷರೂ ಇಡುತ್ತಿರಲಿಲ್ಲ. ನನ್ನ ಕಾಲು ತಾವೇ ನಡೆದವು. ಬಲಗಡೆಯಿಂದ, ಸದ್ದಿಲ್ಲದೆ, ತಾಟು ಎತ್ತಿಕೊಂಡು ಬಂದೆ. ಆ ಕಡೆ ನಿಂತಿದ್ದ ಪಿಂಟೋ ಸಾಹೇಬರು ತಲೆದೂಗಿದರು.

ಅಡುಗೆಮನೆಯಲ್ಲಿ ಹುಸೇನಸಾಬರು ತಾಟು ನೋಡಿದರು. "ಇದು ಯಾರದಪಾ? ಮುಟ್ಟೇ ಇಲ್ಲಲ್ಲ!" ಎಂದರು. ಆಗ ನಾನೂ ನೋಡಿದೆ. ಬೆಣ್ಣೆಯ ತುಣುಕು ಇನ್ನೂ ಪೂರ್ತಿ ಕರಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ತುತ್ತನ್ನು ಕಸಿದ ಕೈ ನನ್ನದಾಗಿತ್ತು. ಬಾಗಿಲ ಸಂದಿಯಿಂದ ಇಣುಕಿದರೆ ಮಾಳಪ್ಪನವರು ಬರೀ ಬಿಳಿ ಬಟ್ಟೆಯ ಮುಂದೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಊಟ ಹಾಕಿಸುವ ಯಜಮಾನ ಅತಿಥಿಗಿಂತ ಮೊದಲು ಏಳುವಂತಿಲ್ಲ. ತಾಟು ತಿರುಗಿ ಒಯ್ಯಲು ಹೊರಟೆ, ಹುಸೇನಸಾಬರು ತೋಳು ಹಿಡಿದರು. ಎತ್ತಿದ ತಾಟು ಅದೇ ಮನುಷ್ಯನ ಮುಂದೆ ಇಟ್ಟರೆ ಇನ್ನೂ ಕೆಟ್ಟದ್ದು. ಹೊಸ ತಾಟು ಒಯ್ಯಲೇ ಎಂದರೆ, ಅಷ್ಟರಲ್ಲಿ ಒಳಗೆ ಬಂದ ಸಾಹೇಬರು ಬಿಡಲಿಲ್ಲ. ಈಗ ಹೊಸದು ಹೋದರೆ ತಪ್ಪಾಗಿದೆ ಎಂದು ಇಡೀ ಮೇಜಿಗೆ ಗೊತ್ತಾಗುತ್ತದೆ, ಕಾಣದ ತಪ್ಪು ತಪ್ಪೇ ಅಲ್ಲ ಎಂದು ಪಿಸುಗುಟ್ಟಿದರು. ಅತ್ತ ದರಿ ಇತ್ತ ಪುಲಿ ಎಂಬಂತೆ ನಾನು ಬಾಗಿಲಲ್ಲೇ ನಿಂತೆ.

ಅಷ್ಟರಲ್ಲಿ ಇಟಲಿಯ ಮುದುಕ ಖಾಲಿ ಜಾಗವನ್ನು ನೋಡಿ ದುಭಾಷಿಯನ್ನು ಏನೋ ಕೇಳಿದ. ದುಭಾಷಿಗೂ ಏನಾಯಿತೆಂದು ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ದುಭಾಷಿಯನ್ನು ನಾನು ಈವರೆಗೆ ಕಂಡಿಲ್ಲ. ಅತಿಥಿ ಉಂಡು ತೃಪ್ತನಾಗುವವರೆಗೆ ಯಜಮಾನ ಅನ್ನ ಮುಟ್ಟುವುದಿಲ್ಲ, ತಾಟು ಬಂದರೂ ಹಿಂದಕ್ಕೆ ಕಳಿಸುತ್ತಾನೆ, ಇದು ಈ ಸೀಮೆಯ ಪದ್ಧತಿ ಎಂದುಬಿಟ್ಟ. ಮುದುಕ ಚೂರಿ ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟು ಮಾಳಪ್ಪನವರಿಗೆ ತಲೆಬಾಗಿದ. ಅವರೂ ಕೈಮುಗಿದರು. ಮರುದಿನ ಖಣಿಯಲ್ಲಿ ವ್ಯಾಪಾರ ಕುದುರಿತು, ಸೀಳಿಟ್ಟ ಬಂಡೆಗಳಷ್ಟೂ ಹೋದವು, ಖಣಿ ಉಳಿಯಿತು. ಕಲ್ಲು ಚೆನ್ನಾಗಿದ್ದದ್ದಕ್ಕೋ, ಯಜಮಾನ ಉಪವಾಸ ಕೂತದ್ದಕ್ಕೋ, ಬಲ್ಲವರು ಹೇಳಬೇಕು.

ಇಷ್ಟಕ್ಕೇ ಮುಗಿದಿದ್ದರೆ ನಾನು ಮರೆಯುತ್ತಿದ್ದೆನೇನೋ. ಆದರೆ ಮಾಳಪ್ಪನವರು ವರ್ಷ ವರ್ಷವೂ ಗಿರಾಕಿಗಳನ್ನು ನಮ್ಮಲ್ಲಿಗೇ ಕರೆತಂದರು. ಪ್ರತಿ ಸಲವೂ ತಮ್ಮ ಮುಂದೆ ತಾಟು ಬೇಡವೆಂದರು. ಪಿಂಟೋ ಸಾಹೇಬರು ಅದನ್ನು ಪದ್ಧತಿಯನ್ನಾಗಿಯೇ ಮಾಡಿ, ಅವರ ಜಾಗದಲ್ಲಿ ಚೂರಿ ಫೋರ್ಕನ್ನೂ ಇಡಿಸುತ್ತಿರಲಿಲ್ಲ. ಒಮ್ಮೆ ಇಟಲಿಯ ಮುದುಕನೇ ಮಾಳಪ್ಪನವರಿಗೆ ಊಟ ಹಾಕಿಸಲು ಹೊರಟ. ಆಗ ಯಜಮಾನ ಅವನಾದ್ದರಿಂದ ಈ ಸೀಮೆಯ ಪದ್ಧತಿಯಂತೆ ಅವನು ತಾಟು ಮುಟ್ಟಲಿಲ್ಲ. ಮಾಳಪ್ಪನವರು ಎಂದಿನಂತೆ ಬೇಡವೆಂದರು. ಇಬ್ಬರೂ ಎದುರಾಬದುರು ಕೂತು ಬಹಳ ಹೊತ್ತು ನಗುನಗುತ್ತ ನೀರು ಕುಡಿದು ಹೋದರು. ಉಪವಾಸ ಮಾಡಲು ಮಠ ಇಲ್ಲವೇ, ಹೋಟೆಲಿಗೇ ಬರಬೇಕೇ ಎಂದು ಹುಸೇನಸಾಬರು ಸಿಟ್ಟಾದರು.

ನನಗೆ ಮಾತ್ರ ಅದು ನಗುವ ಸಂಗತಿಯಾಗಿರಲಿಲ್ಲ. ಅವರು ನನ್ನನ್ನು ಶಿಕ್ಷಿಸುತ್ತಿದ್ದಾರೆಂದೇ ನಂಬಿದ್ದೆ. ನನ್ನ ಕೈಯಿಂದ ಒಮ್ಮೆ ಉಂಡರೆ ಸಾಕು, ಪಾಪ ತೊಳೆದುಹೋಗುತ್ತದೆ ಅನ್ನಿಸುತ್ತಿತ್ತು. ಒಳಗೆ ಬಂದು ಉಣ್ಣಿರಿ ಎಂದು ಕರೆದೆ, ರೊಟ್ಟಿ ಕಟ್ಟಿಕೊಂಡು ಅವರ ಜೀಪಿನ ತನಕ ಓಡಿದೆ. "ಬ್ಯಾಡಪಾ, ಆಮ್ಯಾಲೆ," ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಊರಿಗೆ ಹೋಗುವಾಗ ಕಮತಗಿಯಲ್ಲಿ ಜೀಪು ನಿಲ್ಲಿಸಿ ಹೊಟ್ಟೆ ತುಂಬ ಉಣ್ಣುತ್ತಾರೆಂದು ಅವರ ಡ್ರೈವರ್ ಹೇಳಿದ. ನನ್ನ ಊರಿನ ಅನ್ನ ಆಗುತ್ತದೆ, ನನ್ನ ಕೈಯ ಅನ್ನ ಆಗುವುದಿಲ್ಲ. ಸಿಟ್ಟಿದ್ದರೆ ಬೆನ್ನು ಯಾಕೆ ತಟ್ಟುತ್ತಾರೆ? ಸಿಟ್ಟಿಲ್ಲದಿದ್ದರೆ ಯಾಕೆ ಉಣ್ಣುವುದಿಲ್ಲ? ವರ್ಷಗಟ್ಟಲೆ ನನಗೆ ಇದು ತಿಳಿಯಲಿಲ್ಲ, ತಿಳಿಯದೆ ಸಂಕಟಪಟ್ಟೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಊಟದ ಹಾಲಿನ ರೀತಿಯೇ ಬದಲಾಯಿತು. ಪಿಂಟೋ ಸಾಹೇಬರು ಗೋವಾಕ್ಕೆ ಹೋದರು. ಉದ್ದ ಮೇಜಿನ ಮೇಲೆ ಪಾತ್ರೆ ಸಾಲಾಗಿಟ್ಟು, ಬೇಕಾದವರು ಬೇಕಾದಷ್ಟು ತಾವೇ ಹಾಕಿಕೊಳ್ಳುವ ಪದ್ಧತಿ ಬಂತು. ನನಗೆ ಹೊಸ ಹುಡುಗರಿಗೆ ಕಲಿಸುವ ಕೆಲಸ ಕೊಟ್ಟರು. ಏನು ಕಲಿಸಬೇಕೆಂದು ಯಾರೂ ಹೇಳಲಿಲ್ಲ. ಅಂಥ ಒಂದು ಮಧ್ಯಾಹ್ನ ಮಾಳಪ್ಪನವರು ಒಬ್ಬರೇ ಬಂದರು. ಮಹಾಕೂಟಕ್ಕೆ ಹೋಗಿದ್ದರಂತೆ, ದಣಿದಿದ್ದರು. ಕೂತು ನೀರು ಕುಡಿದು, ನನ್ನ ಸುತ್ತ ನಿಂತ ಹುಡುಗರನ್ನು ಹತ್ತಿರ ಕರೆದರು.

"ನೋಡ್ರಪಾ, ಸರ್ವಿಸ್ ಅಂದ್ರ ಇಂವನ ಕಡೆ ಕಲೀರಿ," ಎಂದರು. "ಅವತ್ತ ನನಗ ಚೂರಿ ಹಿಡಿಯಾಕ ಬರವಲ್ದು, ಕೈ ನಡಗಾಕ ಹತ್ತಿತ್ತು. ಕೈಲೆ ಉಣ್ಣಬೇಕಂದ್ರ ಮುಂದ ಪರದೇಶದವ್ರು ಕುಂತಾರ. ಏನ್ ಮಾಡ್ಲೆಪಾ ಬೀರಪ್ಪಾ ಅಂತ ಎರಡೂ ತಾಟಿನ್ಯಾಗ ಇಟ್ನಿ. ಇಂವಾ ಅದನ್ನ ತಿಳಕೊಂಡು, ಒಂದ್ ಮಾತಾಡದ ತಾಟ ಎತ್ಕೊಂಡು ಹ್ವಾದ. ನನ್ನ ಮಾನಾ ಉಳಿಸಿದಾ. ಅವತ್ತಿಂದ ನಾ ಇಲ್ಲೆ ಚೂರಿ ಹಿಡಿಯೂ ಪ್ರಸಂಗನ ಬರಲಿಲ್ಲ. ಗಿರಾಕಿಗೋಳು ಕಂಡ್ರ ಆ ಪದ್ಧತಿ ಕೆಟ್ಟೀತಂತ ಇಂವಾ ತಂದ ರೊಟ್ಟಿನೂ ಬ್ಯಾಡಂತಿದ್ನಿ."

ಹುಡುಗರು ನನ್ನನ್ನು ಬೆರಗಿನಿಂದ ನೋಡಿದರು. ಇಷ್ಟು ವರ್ಷ ಅಪರಾಧಿ ಎಂದುಕೊಂಡು ಅವರ ಹಿಂದೆ ಓಡಿದ್ದೆ, ಅವರು ಇಷ್ಟು ವರ್ಷ ನನ್ನನ್ನು ಪುಣ್ಯಾತ್ಮ ಎಂದುಕೊಂಡಿದ್ದರು. ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲರೂ ಸುಖವಾಗಿರುತ್ತಿದ್ದರು. ಸುಮ್ಮನಿರಲು ಆಗಲಿಲ್ಲ. ಯಾಕೆ ಆಗಲಿಲ್ಲವೆಂದು ಕೇಳಬೇಡಿ, ಬಾಯಿ ತಾನೇ ತೆರೆಯಿತು.

"ಸಾವ್ಕಾರ್ರ, ನಾ ತಿಳದು ಎತ್ತಲಿಲ್ರಿ. ನಿಮ್ದು ಊಟ ಆತು ಅಂತ ಎತ್ತಿದ್ನಿರಿ."

ಅವರು ಹುಡುಗರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಅಂದ್ರ, ನನ್ನ ಕೈ ನಡಗೂದು ನೀ ನೋಡೇ ಇದ್ದಿಲ್ಲ?"

"ಇಲ್ರಿ. ಚೂರಿ ಫೋರ್ಕ್ ನೋಡಿದ್ನಿರಿ."

ಮಾಳಪ್ಪನವರು ಮೇಜಿನ ಬಟ್ಟೆಯನ್ನು ಅಂಗೈಯಿಂದ ಎರಡು ಸಲ ಸವರಿದರು. "ಹಂಗಾರ ಅವತ್ತ ನನಗ ಭಾಳ ಹಸಿವಿತ್ತಪಾ ಚನ್ನಪ್ಪಾ," ಎಂದರು. "ಮುಂಜಾನಿಂದ ಏನೂ ತಿಂದಿದ್ದಿಲ್ಲ. ಟಗರು ಭಾಳ ಚಲೋ ಇತ್ತು. ಇಷ್ಟು ವರ್ಷ ಅದು ನೆನಪನ ಆಗಿದ್ದಿಲ್ಲ ನೋಡು."

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ, ಕಣ್ಣು ತುಂಬಿಬಂದವು. ಅವರ ಹತ್ತಿರ ಇದ್ದ ಒಂದು ಒಳ್ಳೆಯ ನೆನಪನ್ನು ಕಸಿದು, ಬದಲಿಗೆ ಹಳೆಯ ಹಸಿವನ್ನು ಕೊಟ್ಟಿದ್ದೆ. ಹೊರಟುಹೋಗುತ್ತಾರೆ ಎಂದುಕೊಂಡೆ. ಅವರು ಅಂಗಿಯ ತೋಳು ಮೇಲಕ್ಕೆ ಮಡಿಸಿ, "ಒಳಗ ಏನೈತಿ, ತಗೊಂಬಾ," ಎಂದರು.

ರೊಟ್ಟಿ, ಕಾರಬ್ಯಾಳಿ, ಒಂದಿಷ್ಟು ಟಗರಿನ ಸಾರು ಇತ್ತು. ತಂದಿಟ್ಟೆ. ಚೂರಿ ಫೋರ್ಕು ತರಲಿಲ್ಲ. ಹಿಂದೆ ಸರಿದು ಗೋಡೆಗೆ ನಿಲ್ಲಬೇಕೋ, ಪಕ್ಕದಲ್ಲಿ ರೊಟ್ಟಿ ಹಿಡಿದು ನಿಲ್ಲಬೇಕೋ ತಿಳಿಯದೆ ನಡುವೆ ಎಲ್ಲೋ ನಿಂತೆ. ಮಾಳಪ್ಪನವರು ರೊಟ್ಟಿ ಮುರಿದು ಉಂಡರು. ಇನ್ನೊಂದು ರೊಟ್ಟಿ ಇಟ್ಟಾಗ ಬೇಡ ಅನ್ನಲಿಲ್ಲ. ಊಟ ಶುರುವಾದಾಗಿನಿಂದ ಮುಗಿಯುವವರೆಗೆ ಅವರ ಎಡಗೈ ತಾಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು.